ಕ್ಲಿಪ್ ಬಿಚ್ಚಿದ ಮೇಲಿನ ಕಾವಲು

ಹೊಳಲ್ಕೆರೆಯ ಬಯಲು ಗಣಪ ಏಕದಂತ. ಹಲ್ಲಿನ ಸಾಲು ತಪ್ಪುವ ಚಿಂತೆ ಅವನಿಗಿಲ್ಲ. ನಮ್ಮ ಮಕ್ಕಳಿಗಿದೆ. ದಾವಣಗೆರೆಯ ಬಾಪೂಜಿ ದಂತ ಕಾಲೇಜಿಗೋ ಇನ್ನೆಲ್ಲಿಗೋ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿ, ಹಲ್ಲಿನ ಕ್ಲಿಪ್ ಬಿಚ್ಚಿಸಿಕೊಂಡ ಮೇಲೆ ಡಾಕ್ಟರು ಕೊಡುವ ರಿಟೇನರ್ ನನಗೆ ಬಲು ಮೆಚ್ಚು. ಅಂಗುಳಿಗೆ ಅಂಟಿ ಕೂರುವ ಗುಲಾಬಿ ಅಕ್ರಿಲಿಕ್ ತಟ್ಟೆ, ಮುಂದಿನ ಹಲ್ಲುಗಳ ಮೇಲೆ ಹಾಯುವ ಒಂದು ಸ್ಟೀಲ್ ತಂತಿ, ಕೋರೆಹಲ್ಲಿನ ಬಳಿ ಎರಡು ಕುಣಿಕೆ, ಅಷ್ಟೇ. ಇದು ಅಮೆರಿಕದ ದಂತವೈದ್ಯ ಚಾರ್ಲ್ಸ್ ಹಾಲಿ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಸರಿದ ಹಲ್ಲಿನ ಸುತ್ತ ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಒಸಡಿನ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತವೆ; ಅದನ್ನು ತಡೆಯುವುದೇ ರಿಟೇನರ್ ಕೆಲಸ. ಬಿಸಿನೀರಿಗೆ ತಟ್ಟೆ ಸೊಟ್ಟಗಾದೀತು, ತಣ್ಣೀರಲ್ಲೇ ತೊಳೆಯಿರಿ. ಹೋಟೆಲಲ್ಲಿ ಊಟಕ್ಕೆ ತೆಗೆದಾಗ ಕಾಗದದಲ್ಲಿ ಸುತ್ತಿಡಬೇಡಿ, ಎಂಜಲೆಲೆಯ ಜೊತೆ ಹೋದೀತು. ಡಾಕ್ಟರು ಸಾಕು ಎನ್ನುವವರೆಗೆ ಒಂದು ರಾತ್ರಿಯೂ ತಪ್ಪಿಸಬೇಡಿ.