ಮರೆತ ಪತ್ರಿಕೆಗಳ ಶೋಧನೆಯೂ ವರ್ಗೀಕರಣವೂ

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಹೇಳುವವರು 1843ನೆಯ ಇಸವಿಯ ಜುಲೈ 1ನೆಯ ದಿನದಿಂದ ಮೊದಲುಮಾಡುವುದು ವಾಡಿಕೆ. ಅಂದು ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಪ್ರಥಮ ವೃತ್ತಪತ್ರಿಕೆಯೆಂದು ಗಣ್ಯವಾಗಿದೆ, ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಲೂ ಇದ್ದಾರೆ. ಇದು ಯುಕ್ತವೇ ಸರಿ. ಆದರೆ ಪ್ರಥಮವಾದುದಕ್ಕೂ ದೀರ್ಘಾಯುವಾದುದಕ್ಕೂ ಮಾತ್ರ ಮನ್ನಣೆ ಸಲ್ಲುವುದಾದರೆ, ನಡುವೆ ಹುಟ್ಟಿ ಅಳಿದ ಸಣ್ಣ ಪತ್ರಿಕೆಗಳ ಗತಿಯೇನು?

ಅವುಗಳನ್ನು ಹುಡುಕುವುದು ಸುಲಭವಲ್ಲ. ಕನ್ನಡನಾಡು ಅಂದು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದುದರಿಂದ ದಾಖಲೆಗಳೂ ಹಾಗೆಯೇ ಚದರಿವೆ. ಬ್ರಿಟಿಷ್ ಆಡಳಿತದ ಜಿಲ್ಲೆಗಳಲ್ಲಿ 1867ನೆಯ ಶಾಸನದಂತೆ ಮುದ್ರಕರೂ ಪ್ರಕಾಶಕರೂ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಬೇಕಾಗಿತ್ತು. ಆ ಕಾಗದಗಳು ಒಂದು ಆಕರ. ಸಮಕಾಲೀನ ಮಾಸಪತ್ರಿಕೆಗಳ ಸಾದರ ಸ್ವೀಕಾರದ ಅಂಕಣಗಳೂ ಜಾಹೀರಾತುಗಳೂ ಇನ್ನೊಂದು ಆಕರ. ಒಂದು ಸಂಚಿಕೆಯೂ ಉಳಿಯದ ಪತ್ರಿಕೆಯ ಹೆಸರು ಅಲ್ಲಿ ಒಂದೆರಡು ಸಾಲುಗಳಲ್ಲಿ ಬದುಕಿರಬಹುದು.

ದೊರೆತುದನ್ನು ವರ್ಗೀಕರಿಸುವಾಗ ಎಚ್ಚರಿಕೆಯು ಮತ್ತಷ್ಟು ಅವಶ್ಯಕ. ನಂಜನಗೂಡು ತಿರುಮಲಾಂಬನವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಆ ದಶಕದಲ್ಲಿಯೇ ‘ಕರ್ನಾಟಕ ನಂದಿನಿ’ಯೆಂಬ ಮಾಸಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮನವರ ‘ಸರಸ್ವತಿ’ಯು 1921ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ನಾಲ್ಕು ದಶಕಗಳ ಕಾಲ ನಡೆಯಿತು. ಇವೆರಡನ್ನೂ ‘ಸ್ತ್ರೀಯರ ಪತ್ರಿಕೆ’ಯೆಂಬ ಒಂದೇ ಚೀಟಿಯಡಿ ಇಟ್ಟುಬಿಟ್ಟರೆ ಓದುಗರು ಯಾರೆಂಬುದು ತಿಳಿಯುತ್ತದೆಯೇ ಹೊರತು, ಸಂಪಾದಕತ್ವದ ಹೊಣೆಯನ್ನು ಸ್ತ್ರೀಯರೇ ಹೊತ್ತಿದ್ದರೆಂಬ ಮುಖ್ಯ ಸಂಗತಿಯು ಮರೆಯಾಗುತ್ತದೆ. ಪುರುಷರು ಸ್ತ್ರೀಯರಿಗಾಗಿ ನಡೆಸಿದ ಪತ್ರಿಕೆಯೂ ಅದೇ ಗುಂಪಿಗೆ ಸೇರಿ, ಭೇದವೇ ಅಳಿಸಿಹೋಗುತ್ತದೆ.

ಪತ್ರಿಕೆಯ ಅಂತ್ಯದ ಕಾರಣವನ್ನೂ ಗುರುತಿಸುವುದು ಅಗತ್ಯ. ಚಂದಾದಾರರು ಹಣ ಕಳುಹಿಸದೆ ನಿಂತ ಪತ್ರಿಕೆಯೂ ಸರಕಾರದ ನಿರ್ಬಂಧದಿಂದ ನಿಂತ ಪತ್ರಿಕೆಯೂ ಒಂದೇ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕಾ ನಿಬಂಧನೆಯು ಜಾರಿಗೆ ಬಂದಾಗ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಆರಂಭದ ವರ್ಷ, ಅಂತ್ಯದ ವರ್ಷ ಎಂಬ ಎರಡು ಅಂಕಿಗಳನ್ನು ಮಾತ್ರ ಬರೆದ ಪಟ್ಟಿಯಲ್ಲಿ ಅಂತಹ ಮೌನವು ಬಡತನದ ಮರಣವೆಂದೇ ತೋರುತ್ತದೆ. ಪಟ್ಟಿಯಲ್ಲಿ ಸುಳ್ಳು ಇರುವುದಿಲ್ಲ. ಆದರೂ ಓದಿದವನಿಗೆ ಸತ್ಯವು ತಿಳಿಯುವುದಿಲ್ಲ.

ಆದಕಾರಣ ಊರು, ವರ್ಷ, ಅವಧಿಗಳೊಡನೆ ಮತ್ತೆ ಮೂರು ಸಂಗತಿಗಳನ್ನು ಪ್ರತಿಯೊಂದು ಪತ್ರಿಕೆಗೂ ಬರೆದಿಡುವುದು ಉಚಿತ: ನಡೆಸಿದವರು ಯಾರು, ಯಾರನ್ನು ಉದ್ದೇಶಿಸಿ ನಡೆಸಿದರು, ಏತಕ್ಕಾಗಿ ನಿಲ್ಲಿಸಿದರು. ಒಂದೇ ಪತ್ರಿಕೆಯು ಎರಡು ಮೂರು ವರ್ಗಗಳಲ್ಲಿ ಕಾಣಿಸಿಕೊಂಡರೆ ಅದು ದೋಷವಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ ಆರಂಭಿಸಿದ ‘ವಾಗ್ಭೂಷಣ’ವು ಸಾಹಿತ್ಯಕ್ಕೂ ಸಲ್ಲುವುದು, ನಾಡಿನ ಜಾಗೃತಿಗೂ ಸಲ್ಲುವುದು.

ಹಳೆಯ ಅಗ್ಗದ ಕಾಗದದಲ್ಲಿರುವ ಆಮ್ಲವು ಅದನ್ನು ಒಳಗಿನಿಂದಲೇ ತಿನ್ನುತ್ತದೆ. ಮಡಿಚಿದ ಕಡೆ ಹಾಳೆಯು ಪುಡಿಯಾಗುತ್ತದೆ. ಅಟ್ಟದ ಮೇಲಿನ ಕಟ್ಟುಗಳು ಇನ್ನೂ ಉಳಿದಿರುವ ಮನೆಗಳವರು ಅವನ್ನು ರದ್ದಿಗೆ ಹಾಕುವ ಮುನ್ನ ಹೆಸರನ್ನೂ ಸಂಚಿಕೆಯ ಸಂಖ್ಯೆಯನ್ನೂ ಬರೆದು ಸಮೀಪದ ಗ್ರಂಥಾಲಯಕ್ಕೆ ತಿಳಿಸಿದರೆ, ಎಷ್ಟೋ ಪತ್ರಿಕೆಗಳಿಗೆ ಪಟ್ಟಿಯಲ್ಲಿ ಸ್ಥಾನ ದೊರೆಯುವುದು.