ರಾಗಮಾಲಾ ಚಿತ್ರಗಳನ್ನು ನೋಡುವ ಬಗೆ

ಕಿವಿಗೆ ಮಾತ್ರ ಗೋಚರವಾದ ರಾಗವನ್ನು ಕಣ್ಣಿಗೂ ಕಾಣಿಸಬೇಕೆಂಬ ಹಂಬಲವು ನಮ್ಮ ದೇಶದ ಚಿತ್ರಕಾರರನ್ನು ಮೂರು ಶತಮಾನಗಳಷ್ಟು ಕಾಲ ಕಾಡಿತು. ಮೇವಾಡ, ಬೂಂದಿ, ಮಾಳವ, ದಖ್ಖನ, ಹಿಮಾಲಯದ ತಪ್ಪಲಿನ ಪಹಾಡಿ ಸಂಸ್ಥಾನಗಳು, ಇವೆಲ್ಲೆಡೆಯೂ ರಾಗಕ್ಕೊಂದು ಪಟದಂತೆ ಅವರು ರಚಿಸಿದ ಮಾಲಿಕೆಗಳಿಗೆ ರಾಗಮಾಲೆಯೆಂದು ಹೆಸರು. ಪುರುಷರೂಪದ ಆರು ರಾಗಗಳು, ಒಂದೊಂದಕ್ಕೂ ಐವರು ರಾಗಿಣಿಯರು, ಹೀಗೆ 36 ಪಟಗಳಿರುವುದು ಬಹುಪ್ರಚಲಿತವಾದ ಕ್ರಮ. ಪಹಾಡಿ ಚಿತ್ರಕಾರರು ಅನುಸರಿಸಿದ ಕ್ಷೇಮಕರ್ಣನ ಗ್ರಂಥವು ಪ್ರತಿ ರಾಗಕ್ಕೂ ಎಂಟು ಪುತ್ರರನ್ನು ಕೂಡಿಸಿ ಸಂಖ್ಯೆಯನ್ನು 84ಕ್ಕೆ ಏರಿಸಿತು.

ಈ ಪಟಗಳೆದುರು ಮೊದಲ ಬಾರಿಗೆ ನಿಲ್ಲುವವರು ಸಾಮಾನ್ಯವಾಗಿ ವಾದ್ಯವನ್ನು ಅರಸುತ್ತಾರೆ. ವೀಣೆಯೋ ಮೃದಂಗವೋ ಕಂಡೊಡನೆ ಸಂಗೀತ ಅಲ್ಲಿದೆಯೆಂದು ತೃಪ್ತರಾಗಿ ಮುಂದಿನ ಪಟಕ್ಕೆ ಸರಿಯುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟೆ: ವಾದ್ಯವನ್ನು ಬಿಟ್ಟು ಕೇಳುವವರನ್ನು ನೋಡಿರಿ. ಬಣ್ಣದಿಂದ ನಾದವನ್ನು ಬರೆಯುವುದು ಅಶಕ್ಯವೆಂಬುದನ್ನು ಬಲ್ಲ ಚಿತ್ರಕಾರನು ನಾದಕ್ಕೆ ವಶವಾದ ಜೀವಗಳನ್ನು ಬರೆದನು.

ತೋಡಿ ರಾಗಿಣಿಯಿಂದ ಆರಂಭಿಸುವುದು ಮೇಲು. ಎರಡು ಸೋರೆಬುರುಡೆಗಳ ವೀಣೆಯನ್ನು ಹಿಡಿದ ತರುಣಿಯೊಬ್ಬಳು ವನದಲ್ಲಿ ನಿಂತಿರುವಳು; ಅವಳ ಸುತ್ತ ಜಿಂಕೆಗಳು. ಅವಳ ಮುಖದ ಚೆಲುವಿಗೆ ಮರುಳಾಗದೆ ಮೊದಲು ಜಿಂಕೆಗಳ ಕೊರಳ ಬಾಗನ್ನೂ ಕಿವಿಗಳ ನಿಲುವನ್ನೂ, ಎತ್ತಿದ ಕಾಲು ಹಾಗೆಯೇ ನಿಂತುಬಿಟ್ಟಿದೆಯೇ ಎಂಬುದನ್ನೂ ಪರಿಶೀಲಿಸಿರಿ. ಸ್ವಭಾವತಃ ಭೀರುವಾದ ಪ್ರಾಣಿ ಮನುಷ್ಯಳ ಕೈಗೆಟಕುವಷ್ಟು ಸಮೀಪಕ್ಕೆ ಬಂದಿದೆಯೆಂದರೆ, ಆ ಅಂತರವೇ ಸಂಗೀತದ ಅಳತೆ. ಸಾಧಾರಣ ಚಿತ್ರಕಾರನು ಜಿಂಕೆಗಳನ್ನು ಅಲಂಕಾರಕ್ಕೆಂದು ಹರಡುವನು. ಉತ್ತಮನು ಒಂದೊಂದನ್ನೂ ಕೇಳಿಸುವನು.

ಅಸಾವರಿಯ ಪಟವು ಇದಕ್ಕಿಂತ ಸೂಕ್ಷ್ಮವಾದುದು. ನನ್ನ ಮಟ್ಟಿಗೆ ರಾಗಮಾಲೆಯಲ್ಲಿ ಅದಕ್ಕೆ ಮಿಗಿಲಾದ ಕಲ್ಪನೆಯಿಲ್ಲ. ಮಲಯಪರ್ವತದ ಚಂದನವೃಕ್ಷದಡಿಯಲ್ಲಿ ಎಲೆಯ ಅಥವಾ ನವಿಲುಗರಿಯ ಉಡುಗೆಯುಟ್ಟ ಶ್ಯಾಮಲವರ್ಣದ ವನವಾಸಿನಿಯೊಬ್ಬಳು ಕುಳಿತಿರುವಳು, ಸರ್ಪಗಳು ಅವಳ ಬಳಿಗೆ ಬರುತ್ತಿರುವುವು. ಚಂದನದ ತಂಪಿಗೂ ಕಂಪಿಗೂ ಮನಸೋತು ಸರ್ಪಗಳು ಆ ಮರವನ್ನು ಸುತ್ತಿಕೊಂಡಿರುತ್ತವೆಂಬುದು ಕವಿಸಮಯ. ಶ್ರೀಗಂಧದ ನಾಡಿನವರಾದ ನಾವು ಬಲ್ಲೆವು, ನಿಂತ ಮರದ ಎಲೆಯಲ್ಲಾಗಲಿ ಹೂವಿನಲ್ಲಾಗಲಿ ಆ ಗಂಧವಿಲ್ಲ, ಅದು ಒಳತಿರುಳಿನಲ್ಲಿ ಅಡಗಿರುವುದು. ಆದುದರಿಂದ ಪಟದಲ್ಲಿ ಪರಿಮಳಕ್ಕೆ ಸರ್ಪದ ಹೊರತು ಬೇರೆ ಕುರುಹಿಲ್ಲ. ಕಾಂಡವನ್ನು ಸುತ್ತಿದ ಸರ್ಪವು ಗಂಧವನ್ನು ಹೇಳುತ್ತದೆ. ಅದೇ ಸರ್ಪವು ಸುರುಳಿ ಬಿಚ್ಚಿ ಕೆಳಗಿಳಿಯತೊಡಗಿದಾಗ ಗಂಧವನ್ನೂ ತೊರೆಯಿಸಬಲ್ಲ ನಾದವನ್ನು ಹೇಳುತ್ತದೆ. ಒಂದು ಇಂದ್ರಿಯದ ಸುಖವನ್ನು ಇನ್ನೊಂದು ಇಂದ್ರಿಯದ ಸುಖದಿಂದ ತೂಗಿ ತೋರಿಸುವ ಈ ಜಾಣ್ಮೆಯನ್ನು ಕಂಡುಕೊಂಡ ಮೇಲೆ ಅಸಾವರಿಯ ಪಟವನ್ನು ಅವಸರದಿಂದ ದಾಟಿಹೋಗುವುದು ಯಾರಿಂದಲೂ ಆಗದು.

ಮೇಘರಾಗದಲ್ಲಿ ಕರಿಮುಗಿಲಿನ ಕೆಳಗೆ ನೀಲವರ್ಣದ ನಾಯಕನು ನರ್ತಿಸುವನು. ವಸಂತದಲ್ಲಿ ಮಾವಿನ ಹೂಗೊಂಚಲು, ಕೋಗಿಲೆ, ತಾಳಮದ್ದಳೆಗಳು. ಇವು ಸುಲಭವಾಗಿ ಮನಸ್ಸಿಗೆ ಹತ್ತುವ ಪಟಗಳು. ಬಣ್ಣವನ್ನು ಅರಿಯಬೇಕೆಂದಿದ್ದರೆ, 1591ರಲ್ಲಿ ಕಾಶಿಯ ಸಮೀಪದ ಚುನಾರಿನಲ್ಲಿ ಮೊಗಲ್ ಗುರುಗಳ ಶಿಷ್ಯರು ರಚಿಸಿದ ಮಾಲಿಕೆಯನ್ನೂ, 1628ರಲ್ಲಿ ಮೇವಾಡದ ಸಾಹಿಬದೀನನು ರಚಿಸಿದ ಮಾಲಿಕೆಯನ್ನೂ ಒಟ್ಟಿಗಿಟ್ಟು ನೋಡತಕ್ಕದ್ದು. ಸಾಹಿಬದೀನನ ಕೆಂಪು, ಹಳದಿಗಳ ಸಪಾಟಾದ ಹಿನ್ನೆಲೆಯು ತಂಬೂರಿಯ ಶ್ರುತಿಯಂತೆ ಪಟದುದ್ದಕ್ಕೂ ಒಂದೇ ಸಮನೆ ನಿಂತು, ಅದರ ಮೇಲೆ ಒಂದು ಕೈಯ ಚಲನೆಯೂ ಎದ್ದು ಕಾಣುವಂತೆ ಮಾಡುತ್ತದೆ.

ಕೇಳುವವರನ್ನು ನೋಡಬೇಕೆಂಬ ಈ ಸೂತ್ರವು ರುಚಿಯ ಚಿತ್ರಗಳಿಗೂ ಸಲ್ಲುವುದು. 1469ರಿಂದ 1500ರವರೆಗೆ ಮಾಂಡುವನ್ನಾಳಿದ ಘಿಯಾಸ್ ಶಾಹನ ನಿಮತ್‌ನಾಮಾ ಎಂಬ ಪಾಕಗ್ರಂಥದ ಪ್ರತಿಯೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ 50 ಚಿತ್ರಗಳಲ್ಲಿ ಅಡಿಗೆಯೂ ಅತ್ತರೂ ಸಿದ್ಧವಾಗುತ್ತಿರುವುವು. ಪಾತ್ರೆಯೊಳಗಿನ ಪದಾರ್ಥ ಕಾಣುವುದು ಅತ್ಯಲ್ಪ. ರುಚಿಯೆಲ್ಲವೂ ಇರುವುದು ಒಲೆಯ ಬಳಿ ಬಾಗಿದ ಪರಿಚಾರಿಕೆಯರಲ್ಲಿ, ಅವರ ನಡುವೆ ಕುಳಿತು ಎದುರುನೋಡುತ್ತಿರುವ ದೊಡ್ಡ ಮೀಸೆಯ ಸುಲ್ತಾನನಲ್ಲಿ.

ನಮ್ಮ ಬಿಜಾಪುರವನ್ನು ಮರೆಯಲಾಗದು. 1580ರಿಂದ 1627ರವರೆಗೆ ಅಲ್ಲಿ ಆಳಿದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹನು ದಖನಿ ಭಾಷೆಯಲ್ಲಿ ಕಿತಾಬ್-ಎ-ನೌರಸ್ ಎಂಬ ಗೀತಸಂಗ್ರಹವನ್ನು ರಚಿಸಿ, ಸರಸ್ವತಿ ಗಣಪತಿಯರನ್ನು ಸ್ತುತಿಸಿ, ರಾಗಗಳನ್ನೂ ರೂಪವುಳ್ಳ ವ್ಯಕ್ತಿಗಳನ್ನಾಗಿ ವರ್ಣಿಸಿದನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ ಅರಸ ಅವನು. ಅದನ್ನು ನುಡಿಸುತ್ತಿರುವಂತೆ ಫರ್ರುಖ್ ಬೇಗ್ ಬರೆದ ಅವನ ಚಿತ್ರ ಈಗ ಪ್ರಾಗ್ ನಗರದಲ್ಲಿದೆ.

ಸಂಗೀತ ಬಲ್ಲವರಿಗೆ ಒಂದು ಎಚ್ಚರಿಕೆ. ಪಟದ ಮೇಲಂಚಿನಲ್ಲಿ ಬರೆದ ಹೆಸರನ್ನು ಓದಿ ಇಂದಿನ ಕಚೇರಿಯ ರಾಗವನ್ನು ಅದಕ್ಕೆ ಹೊಂದಿಸಲೆತ್ನಿಸಬೇಡಿರಿ. ಕರ್ನಾಟಕ ಪದ್ಧತಿಯ ತೋಡಿಯೇ ಬೇರೆ, ಹಿಂದುಸ್ತಾನಿಯ ತೋಡಿಯೇ ಬೇರೆ. ಪಟಗಳು ಹುಟ್ಟಿದುದು ಹೆಚ್ಚಾಗಿ ಧ್ಯಾನಶ್ಲೋಕಗಳಿಂದ, ಕವಿಗಳ ವರ್ಣನೆಯಿಂದ, ಸ್ವರಸಂಚಾರದಿಂದಲ್ಲ.

ಲಲಿತದ ಪಟವನ್ನು ಮಾತ್ರ ಕಡೆಗೆ ಇಟ್ಟುಕೊಳ್ಳಿರಿ, ಏಕೆಂದರೆ ನನ್ನ ಸೂತ್ರ ಅಲ್ಲಿ ಸಲ್ಲದು. ನಾಯಕಿ ಮಂಚದ ಮೇಲೆ ನಿದ್ರಿಸುತ್ತಿರುವಳು, ನಾಯಕನು ಹೂಮಾಲೆ ಹಿಡಿದು ಹೊರಟಿರುವನು. ವಾದ್ಯವಿಲ್ಲ, ಹಾಡುವವರಿಲ್ಲ, ಕೇಳುವವರೂ ಇಲ್ಲ. ಅಲ್ಲಿ ರಾಗವು ಉಳಿದಿರುವುದು ಅದನ್ನು ಹಾಡುವ ಹೊತ್ತಿನಲ್ಲಿ, ಅಂದರೆ ಉಷಃಕಾಲದಲ್ಲಿ. ಆದುದರಿಂದ ಬೇರೆ ಬೇರೆ ಸಂಸ್ಥಾನಗಳ ನಾಲ್ಕಾರು ಲಲಿತಗಳನ್ನು ಜೊತೆಗಿಟ್ಟುಕೊಂಡು, ಆಕಾಶಕ್ಕೆ ಯಾರು ಯಾವ ಬಣ್ಣ ಕೊಟ್ಟರು, ಹೊರಟವನ ಮುಖ ಬಾಗಿಲಿನ ಕಡೆಗಿದೆಯೋ ಮಂಚದ ಕಡೆಗಿದೆಯೋ ಎಂಬುದನ್ನು ಹೋಲಿಸಿ ನೋಡುವುದು ಉಚಿತ.