ಕಿನ್ನರರ ನಾಡೋ, ಕಿನ್ನೌರವೋ?

ರಾಹುಲ ಸಾಂಕೃತ್ಯಾಯನರ ‘ಕಿನ್ನರ್ ದೇಶ್ ಮೇಂ’ ಅವರ 1948ರ ಪ್ರವಾಸದ ಫಲ. ಸಿಮ್ಲಾ ನೋಡಿ ಹಿಂದಿರುಗಿಬಿಡುವ ನಮ್ಮ ದೆಹಲಿ ಕನ್ನಡಿಗರು, ಅದರಾಚೆಯ ಸಟ್ಲೆಜ್ ಕಣಿವೆಯನ್ನು ಅರಿಯಲು ಅವಶ್ಯವಾಗಿ ಓದಬೇಕಾದ ಪುಸ್ತಕ. ಆದರೆ ಅದರ ಹೆಸರಿನ ಬಗೆಗೇ ನನ್ನದೊಂದು ತಕರಾರಿದೆ.

ಕಿನ್ನರರೆಂದರೆ ಪುರಾಣದ ಗಾಯಕ ಗಣ. ಆ ಹೆಸರಿನಿಂದ ಕರೆದೊಡನೆ ಬೆವರು ಸುರಿಸಿ ಬಾರ್ಲಿ ಬೆಳೆಯುವ, ಕುರಿ ಮೇಯಿಸುವ ಜನ ಮರೆಯಾಗಿ ದೇವಲೋಕದ ಗಂಧರ್ವರ ನೆಂಟರು ಕಣ್ಣೆದುರು ನಿಲ್ಲುತ್ತಾರೆ. ಜೊತೆಗೆ, ಇಡೀ ನಾಡಿಗೆ ಒಂದೇ ಕುಲವೆಂಬ ಭ್ರಮೆಯೂ ಹುಟ್ಟುತ್ತದೆ.

ಅಲ್ಲಿ ಆಗಿರುವುದು ಬೆರಕೆ. ಅದಕ್ಕೆ ಭೂಗೋಳವೂ ಒಂದು ಕಾರಣ. ಮುಂಗಾರಿನ ಮೋಡಗಳು ಕೆಳಗಿನ ನಿಚಾರ್ ಕಡೆ ಮಳೆ ಸುರಿಸಿ, ಎತ್ತರದ ಬೆಟ್ಟಗಳನ್ನು ದಾಟಲಾರದೆ ಸೋಲುತ್ತವೆ. ಮೇಲಿನ ಪೂಹ್ ಕಡೆ ನೆಲ ಬೋಳು, ಟಿಬೆಟ್ಟಿನ ನೆಲದಂತೆಯೇ. ಕೆಳಗೆ ದೇವದಾರು ಮರದ ಗುಡಿಗಳು, ಮೇಲೆ ಮಣ್ಣಿನ ಗೊಂಪಗಳು. ಆದುದರಿಂದಲೇ ‘ಕೆಳಗೆ ಹಿಂದೂ, ಮೇಲೆ ಬೌದ್ಧ’ ಎಂದು ಅನೇಕರು ಬರೆದು ಕೈತೊಳೆದುಕೊಳ್ಳುತ್ತಾರೆ. ನಡುವಿನ ಕಲ್ಪಾದಲ್ಲಿ, ಹಳೆಯ ಚೀನಿಯಲ್ಲಿ, ಇವರ ಗೆರೆ ಅಳಿಸಿಹೋಗುತ್ತದೆ: ನಾರಾಯಣ-ನಾಗಿನಿಯರ ಗುಡಿಯೂ ಬೌದ್ಧ ವಿಹಾರವೂ ಅದೇ ಊರಿನವು. ಮೇಲಿನ ಬೌದ್ಧ ಹಳ್ಳಿಗಳಲ್ಲಿಯೂ ಗ್ರಾಮದೇವತೆಗಳಿವೆ.

ಭಾಷೆಯದು ಇನ್ನೂ ಸ್ವಾರಸ್ಯಕರ. ಕಿನ್ನೌರಿ ಟಿಬೆಟೊ-ಬರ್ಮನ್ ವರ್ಗಕ್ಕೆ ಸೇರಿದ್ದು. ಆದರೆ ಅದೇ ಹಳ್ಳಿಗಳ ಕಮ್ಮಾರ, ಬಡಗಿ, ನೇಕಾರ ಕುಲಗಳ ಮನೆಮಾತು ಹಿಂದಿಗೆ ಹತ್ತಿರದ ಆರ್ಯ ನುಡಿ. ಪ್ರವಾಸಿಗರು ಬಾಯ್ತುಂಬ ಹೊಗಳುವ ಗುಡಿಯ ಮರಗೆಲಸದ ಹಿಂದೆ ಬಡಗಿಗಳ ಕೈಚಳಕವಿದೆ. ಅವರನ್ನು ‘ಕಿನ್ನರ’ ಎಂಬ ಚೆಂದದ ಶಬ್ದ ಎಲ್ಲಿ ಕೂಡಿಸುತ್ತದೆ?

ಇಷ್ಟಾದರೂ ಪುಸ್ತಕವನ್ನು ಬದಿಗಿಡುವಂತಿಲ್ಲ. ಲೇಖಕರು ಅದಕ್ಕೆ ಮೊದಲೇ ಟಿಬೆಟ್ಟನ್ನು ಹಲವು ಬಾರಿ ಕಂಡವರು, ಬೌದ್ಧ ಗ್ರಂಥಗಳ ಪಂಡಿತರು. ಇವರು ಹೋದ ವರ್ಷವೇ ಬುಶಹರ್ ಸಂಸ್ಥಾನ ಹಿಮಾಚಲ ಪ್ರದೇಶದಲ್ಲಿ ವಿಲೀನವಾಗಿತ್ತು. ಕಿನ್ನೌರ ಪ್ರತ್ಯೇಕ ಜಿಲ್ಲೆಯಾದದ್ದು 1960ರಲ್ಲಿ. ಅಂದು ಶಿಪ್ಕಿ ಕಣಿವೆಯ ಮೂಲಕ ಉಣ್ಣೆ, ಧಾನ್ಯಗಳ ವಿನಿಮಯ ನಡೆಯುತ್ತಿತ್ತು. 1962ರ ಯುದ್ಧದೊಂದಿಗೆ ಆ ದಾರಿ ಮುಚ್ಚಿತು. 1994ರಲ್ಲಿ ಕಟ್ಟುಪಾಡುಗಳ ನಡುವೆ ವ್ಯಾಪಾರ ಪುನಃ ಆರಂಭವಾಗಿ, 2020ರಲ್ಲಿ ಮತ್ತೆ ನಿಂತಿತು. ಗಡಿ ಇನ್ನೂ ಬೇಲಿಯಾಗದಿದ್ದ ದಿನಗಳಲ್ಲಿ ಅಲ್ಲಿ ನಡೆದಾಡಿದ ಪಂಡಿತರ ಬರಹವೆಂಬ ಕಾರಣಕ್ಕೆ ನಾನು ಈ ಪುಸ್ತಕವನ್ನು ನಮ್ಮ ಸಂಘದ ವಾಚನಾಲಯಕ್ಕೆ ತರಿಸಬೇಕೆನ್ನುತ್ತೇನೆ. ಓದುವಾಗ ಪಕ್ಕದಲ್ಲೊಂದು ಇಂದಿನ ನಕ್ಷೆ ಇರಲಿ.